ಹದಿನೇಳನೇ ನಂಬ್ರದ ಕಾರ್ಡು

ಕಂಕನಾಡಿಯಲ್ಲಿ ಝೆರಾಕ್ಸ್ ಅಂಗಡಿಯ ಮಾಳಿಗೆ.
ಎರಡು ಮಂಚ, ನಡುವೆ ಒಂದು ಪರದೆ, ಗೋಡೆಗೆ ನನ್ನ ಡಿಪ್ಲೊಮಾ.
ಕೆಳಗೆ ದಿನವಿಡೀ ಆಧಾರ್ ಕಾರ್ಡುಗಳು ಮರಿ ಹಾಕುತ್ತವೆ,
ಮೇಲೆ ಎಳ್ಳೆಣ್ಣೆ ಬಿಸಿಯಾಗುತ್ತದೆ.
ಬೋರ್ಡಿನಲ್ಲಿ ಮಸಾಜ್ ಎಂಬ ಶಬ್ದ ಓದಿ ಕೆಲವರು
ಸ್ವರ ಇಳಿಸಿ ಫೋನು ಮಾಡುತ್ತಾರೆ;
ರೇಟು ಹೇಳುವ ಬದಲು ಅವರಿಗೆ
ಪೊಲೀಸ್ ಠಾಣೆಯ ನಂಬ್ರ ಓದಿ ಹೇಳುತ್ತೇನೆ,
ನಿಧಾನಕ್ಕೆ, ಎರಡು ಸಲ.

ಆಟಿಯಲ್ಲಿ ಜನ ಕಮ್ಮಿ.
ಪ್ರೆಸ್ಸಿನ ಫೆಲಿಕ್ಸ್ ಹೇಳಿದ, "ವಾರಿಜಕ್ಕ, ಗಿಫ್ಟ್ ಕಾರ್ಡು ಮಾಡಿ ಮಾರಿ.
ಯಾರದೋ ಮದುವೆಗೆ ತರಿಸಿದ ದಪ್ಪ ಕಾಗದ ಉಳಿದುಂಟು,
ಮದುವೆ ನಿಂತಿತು, ಪಾಪ. ಅರ್ಧ ರೇಟಿಗೆ ಹೊಡೆದು ಕೊಡ್ತೇನೆ."
ಹಾಗೆ ಬಂದವು ಐವತ್ತು,
ಮೂಲೆಯಲ್ಲಿ ಜೋಡಿ ಗಂಟೆಯ ಚಿನ್ನದ ಚಿತ್ರ ಹಾಗೇ ಉಳಿದು.
ಅದರ ಕೆಳಗೆ ನನ್ನ ಮಾತು:
ಬೆನ್ನು, ಭುಜ, ಕುತ್ತಿಗೆ. ಒಂದು ಗಂಟೆ. ಆರು ತಿಂಗಳೊಳಗೆ.

ಹದಿನೇಳನೆಯದನ್ನು ಕೊಂಡದ್ದು ಸಿಟಿ ಬಸ್ಸಿನ ಕಂಡಕ್ಟರ್ ದಾಮು.
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ಹತ್ತರ ನೋಟುಗಳನ್ನು
ಒಂದೊಂದಾಗಿ ಬಿಡಿಸಿ ಎಣಿಸಿದ;
ಚಿಲ್ಲರೆ ಸರಿ ಕೊಟ್ಟ ಕಂಡಕ್ಟರನನ್ನು ನಾನು ನೋಡಿದ್ದು ಅದೇ ಮೊದಲು.
"ಹೆಂಡತಿಗೆ. ಬೀಡಿ ಕಟ್ತಾಳೆ.
ರಾತ್ರಿ ನಿದ್ದೆಯಲ್ಲೂ ಬೆರಳು ಸುತ್ತುತ್ತಾ ಇರ್ತದೆ."
ಹೆಸರು ಬರೆಸಿದ: ಸುಗಂಧಿ.

ಸುಗಂಧಿ ಬರಲಿಲ್ಲ.
ದೀಪಾವಳಿ ಕಳೆಯಿತು, ಕ್ರಿಸ್ಮಸ್ಸಿನ ನಕ್ಷತ್ರಗಳು ಇಳಿದವು.
ಲೆಕ್ಕ ಬರೆಯುವ ಹುಡುಗ ನಕ್ಕ:
"ಬಾರದ ಕಾರ್ಡೇ ಅಕ್ಕ, ನಿಜವಾದ ಲಾಭ."
ಇರಬಹುದು. ದುಡ್ಡು ಕರೆಂಟು ಬಿಲ್ಲಿಗೆ ಹೋಗಿ ಮುಗಿದಿದೆ,
ಕೆಲಸ ಮಾತ್ರ ನನ್ನ ಹೆಬ್ಬೆರಳಲ್ಲಿ ಬಾಕಿ ಕೂತಿದೆ.
ಬಸ್ಸಿನಲ್ಲಿ ದಾಮುವನ್ನು ಕಂಡರೆ ನಾನೇ ಮುಖ ತಿರುಗಿಸುತ್ತೇನೆ,
ಟಿಕೇಟು ತೆಗೆಯದವಳ ಹಾಗೆ.

ಏಳನೇ ತಿಂಗಳು ಕಾರ್ಡು ಮೆಟ್ಟಿಲು ಹತ್ತಿ ಬಂತು,
ಬಂಗುಡೆಯ ವಾಸನೆಯೊಂದಿಗೆ.
ಬೆನ್ನಿಗೆ ಮೂರು ಹೆಸರು.
ಸುಗಂಧಿ, ಹೊಡೆದು ಹಾಕಿದ್ದು:
ಮಗಳಿಗೆ ಪುಕ್ಕಟೆ ಗಣಿತ ಹೇಳಿಕೊಟ್ಟ ಐರಿನ್ ಟೀಚರಿಗೆ
ಬೇರೆಂತ ಕೊಡುವುದು?
ಐರಿನ್ ಟೀಚರ್, ಕೆಂಪು ಶಾಯಿಯಲ್ಲಿ, ಸ್ಕೇಲಿಟ್ಟು ಗೆರೆ ಎಳೆದದ್ದು:
ಈ ವಯಸ್ಸಿನಲ್ಲಿ ಪರರ ಮುಂದೆ ರವಿಕೆ ಬಿಚ್ಚಲಿಕ್ಕೆ ನಾಚಿಕೆ.
ಕೊನೆಗೆ ಸೇಸಿ.
ಮೂವತ್ತು ವರ್ಷ ಟೀಚರ ಗೇಟಿಗೆ ಮೀನು ತಂದವಳು,
ಬಾಗಿಲಲ್ಲೇ ನಿಂತು, ಹಾಳಾದ ಮೀನು ಯಾರೋ
ವಾಪಸು ಕೊಟ್ಟ ಹಾಗೆ ಕಾರ್ಡು ಚಾಚಿದಳು.

ತಾರೀಕು ಮುಗಿದಿತ್ತು. ನಾನು ಹೇಳಲಿಲ್ಲ.

ನೆತ್ತಿಯಲ್ಲಿ ಸಿಂಬಿ ಕೂತ ಜಾಗ ಬೋಳು.
ಬುಟ್ಟಿ ಇಳಿಸಿ ಬಂದಿದ್ದಾಳೆ,
ಕುತ್ತಿಗೆಗೆ ಇನ್ನೂ ಸುದ್ದಿ ಸಿಕ್ಕಿಲ್ಲ.
ನೋವಾ ಅಂದರೆ ಇಲ್ಲ ಅಂದಳು.
ಇಲ್ಲಿ? ಅಂದರೆ ಬೊಳಿಂಜೀರಿಗೆ ಈಗ ಎಷ್ಟು ರೇಟು ಅಂತ ಹೇಳಿದಳು,
ದಕ್ಕೆಯಲ್ಲಿ ಐಸಿಗೆ ಯಾರು ಮೋಸ ಮಾಡುತ್ತಾರೆ ಅಂತ,
ಮೊದಲ ಹೆರಿಗೆಯ ಮೂರನೇ ವಾರಕ್ಕೆ ಬುಟ್ಟಿ ಹೊತ್ತದ್ದು ಅಂತ.
ಆಮೇಲೆ ತುಂಬ ಹೊತ್ತು ಏನೂ ಹೇಳಲಿಲ್ಲ.

"ಆಯ್ತು ಸೇಸಕ್ಕ" ಅಂದೆ.
ಕವುಚಿ ಮಲಗಿದಲ್ಲಿಂದಲೇ ಕೈ ಚಾಚಿ
ಸ್ಟೂಲಿನ ಮೇಲಿನ ಕಾರ್ಡು ತಟ್ಟಿದಳು:
"ಎಂತ ಆಯ್ತು? ನನಗೆ ಓದಲಿಕ್ಕೆ ಬರುದಿಲ್ಲ,
ಎಣಿಸಲಿಕ್ಕೆ ಬರ್ತದೆ.
ಇದರಲ್ಲಿ ಎರಡು ಗಂಟೆ ಉಂಟು."

ಫೆಲಿಕ್ಸನನ್ನು ಬೈದುಕೊಂಡು ಎಣ್ಣೆ ಮತ್ತೆ ಬಿಸಿಗಿಟ್ಟೆ.
ಕೆಳಗೆ ಝೆರಾಕ್ಸಿನವ ಶಟರ್ ಎಳೆದ.

ಹೊರಡುವಾಗ ಕಾರ್ಡು ವಾಪಸು ಕೇಳಿದಳು. "ಟೀಚರಿಗೆ ತೋರಿಸ್ಬೇಕು,
ಇಲ್ಲದಿದ್ರೆ ಮಾರಿದೆ ಅಂತ ಹೇಳ್ತಾರೆ."
ಮೂರೂ ಹೆಸರುಗಳ ಕೆಳಗೆ, ರಶೀದಿಗೆ ಬರೆಯುವ ಹಾಗೆ,
ಮುಟ್ಟಿದೆ ಅಂತ ಬರೆದು
ಸಹಿ ಹಾಕಿ ಕೊಟ್ಟೆ.